ಪಕ್ಕವಾದ್ಯದ ಹುಡುಗ

“ಮಾಮ, ಕೊನೆಗೆ ಅವನಿಗೆ ಕೇಳಿಸಿತೋ ಇಲ್ಲವೋ?” ಎಂದು ಅಕ್ಕನ ಮಗಳು ಕೇಳಿದಾಗ ನಾನು ಹಿಂದುಮುಂದು ನೋಡದೆ “ಕೇಳಿಸಿರಲೇಬೇಕಲ್ಲ” ಎಂದುಬಿಟ್ಟಿದ್ದೆ. ಆ ಉತ್ತರ ಸರಿಯೇ ಎಂಬ ಅನುಮಾನ ಅಂದು ರಾತ್ರಿಯೇ ಹುಟ್ಟಿತು, ಇನ್ನೂ ಹೋಗಿಲ್ಲ. ಅವಳು ಕೇಳಿದ್ದು ‘ಯುವರ್ ಲೈ ಇನ್ ಏಪ್ರಿಲ್’ ಎಂಬ ಜಪಾನಿ ಅನಿಮೆಯ ನಾಯಕ ಅರಿಮಾ ಕೋಸೇಯ ವಿಷಯ. ಒಂಬತ್ತನೆಯ ತರಗತಿಯಲ್ಲಿರುವ ಅವಳು ರಜೆಯಲ್ಲಿ ಅದನ್ನು ನೋಡಿ ಮುಗಿಸಿ, ಕಣ್ಣು ಕೆಂಪಗೆ ಮಾಡಿಕೊಂಡು, ಮಾರನೆಯ ದಿನದಿಂದ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ನೋಡಿಸಿದಳು. ನಲವತ್ತರ ಅಂಚಿನಲ್ಲಿರುವ ನಾನು ಶಾಲೆಯ ಮಕ್ಕಳ ಪ್ರೇಮಕಥೆಯನ್ನು ಕಾರ್ಟೂನಿನಲ್ಲಿ ನೋಡಿ ಏನಾಗಬೇಕಿದೆ ಎಂಬ ಉಡಾಫೆಯಲ್ಲೇ ಕುಳಿತವನು, ಅವಳು ಶಾಲೆಗೆ ಹೋದ ಮೇಲೆ 22 ಕಂತುಗಳನ್ನೂ ಒಬ್ಬನೇ ಇನ್ನೊಮ್ಮೆ ನೋಡಿದೆ. ಅವಳ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ.

ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ನವೋಶಿ ಅರಕಾವಾ ಅವರ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, 2011ರಿಂದ 2015ರವರೆಗೆ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಅನಿಮೆ 2014ರ ಅಕ್ಟೋಬರಿನಿಂದ 2015ರ ಮಾರ್ಚ್‌ವರೆಗೆ ಜಪಾನಿನ ಟಿವಿಯಲ್ಲಿ ಪ್ರಸಾರವಾಯಿತು. ಕೋಸೇಗೆ ಹದಿನಾಲ್ಕು ವರ್ಷ. ಚಿಕ್ಕಂದಿನಲ್ಲಿ ಪಿಯಾನೊ ಸ್ಪರ್ಧೆಗಳನ್ನೆಲ್ಲ ಗೆದ್ದುಕೊಂಡು ಬರುತ್ತಿದ್ದವನು. ಬರೆದಿದ್ದನ್ನು ಒಂದು ಕೂದಲೆಳೆಯಷ್ಟೂ ತಪ್ಪದೆ ನುಡಿಸುತ್ತಿದ್ದರಿಂದ ‘ಮನುಷ್ಯ ಮೆಟ್ರೊನೋಮ್’ (ಟಕ್ ಟಕ್ ಎಂದು ಲಯ ತೋರಿಸುವ ಯಂತ್ರ) ಎಂಬ ಹೀಯಾಳಿಕೆಯ ಹೆಸರು ಪಡೆದವನು. ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದಿದ್ದ ತಾಯಿ ಸಾಕಿ ಕೋಲು ಹಿಡಿದೇ ಅವನಿಗೆ ಕಲಿಸಿದ್ದಳು. ಅವಳು ತೀರಿಕೊಂಡ ಮೇಲೆ ವೇದಿಕೆಯೊಂದರಲ್ಲಿ ಅವನು ಕುಸಿದುಬೀಳುತ್ತಾನೆ, ಅಂದಿನಿಂದ ತನ್ನ ಪಿಯಾನೊದ ನಾದ ಅವನಿಗೆ ಕೇಳಿಸುವುದು ನಿಂತುಹೋಗುತ್ತದೆ. ಕಿವಿ ಕೆಟ್ಟಿದೆಯೆಂದಲ್ಲ. ಗೆಳೆಯರ ಮಾತು, ಬೀದಿಯ ಸದ್ದು, ಬೇರೆಯವರ ಸಂಗೀತ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ. ಕಥೆ ಶುರುವಾಗುವ ಹೊತ್ತಿಗೆ ಅವನು ಹಾಡುಗಳನ್ನು ಕಿವಿಗೊಟ್ಟು ಕೇಳಿ ಅವುಗಳ ಸ್ವರಲಿಪಿ ಬರೆದುಕೊಡುವ ಕೆಲಸವನ್ನೇ ಮಾಡುತ್ತಿರುತ್ತಾನೆ. ಕೇಳಿಸದಿರುವುದು ತನ್ನ ಬೆರಳಿನಿಂದ ಹುಟ್ಟಿದ ನಾದ ಮಾತ್ರ. ಅದೂ ಮೊದಲಿಗೆ ಕೇಳಿಸಿ, ಅವನು ಸಂಗೀತದಲ್ಲಿ ಮುಳುಗುತ್ತ ಹೋದಂತೆ ಮಾಯವಾಗುತ್ತದೆ. ಕಪ್ಪು ಸಮುದ್ರದ ತಳದಲ್ಲಿ ಕುಳಿತಂತೆ, ಕೀಲಿಗಳು ಬಡಿದುಕೊಳ್ಳುವ ಮರದ ಸದ್ದಷ್ಟೇ ಉಳಿಯುತ್ತದೆ.

ಅಟ್ಟದ ಮೇಲಿನ ಪೆಟ್ಟಿಗೆ

ಆ ಮರದ ಸದ್ದು ಕೇಳಿದಾಗ ನನ್ನ ಬೆನ್ನಿನಲ್ಲಿ ಸಣ್ಣಗೆ ಚಳಿ ಹರಿದದ್ದಕ್ಕೆ ಕಾರಣವಿದೆ. ನಾನು ಹತ್ತು ವರ್ಷ ಪಿಟೀಲು ಕಲಿತವನು. ನಮ್ಮಪ್ಪನಿಗೆ ಹಾಡಲು ಬರುತ್ತಿರಲಿಲ್ಲ, ನುಡಿಸಲೂ ಬರುತ್ತಿರಲಿಲ್ಲ. ಆದರೆ ಸಂಜೆ ಬ್ಯಾಂಕಿನಿಂದ ಬಂದು, ಕಾಫಿ ಕುಡಿದು, ನಾನು ಅಭ್ಯಾಸಕ್ಕೆ ಕೂತ ಚಾಪೆಯ ಇನ್ನೊಂದು ತುದಿಯಲ್ಲಿ ಕೂತು ತೊಡೆಯ ಮೇಲೆ ಆದಿತಾಳ ಹಾಕುವುದನ್ನು ಅವರು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ತಾಳದ ಮೊದಲ ಭಾಗವಾದ ಲಘು ಮುಗಿದು ಮುಂದಿನ ಭಾಗವಾದ ದ್ರುತಕ್ಕೆ ಬರುವಾಗ ಅವರ ಕೈ ಚೂರು ಅವಸರ ಮಾಡುತ್ತಿತ್ತು. ದ್ವಿತೀಯ ಪಿಯುಸಿಯ ಹೊತ್ತಿಗೆ ನನಗೆ ಅದು ತಡೆಯಲಾಗದಷ್ಟು ಕಿರಿಕಿರಿಯಾಗಿ, ಒಂದು ಸಂಜೆ “ನೀವು ತಾಳ ಹಾಕಬೇಡಿ ಅಪ್ಪ, ನನಗೆ ತಪ್ಪುತ್ತೆ” ಎಂದೆ. ಅವರು ಏನೂ ಅನ್ನದೆ ಎದ್ದು ಹೋಗಿ ಪೇಪರು ಹಿಡಿದರು. ಮೂರು ವಾರಕ್ಕೆ ಅವರು ಆಸ್ಪತ್ರೆ ಸೇರಿದರು, ವಾಪಸು ಬರಲಿಲ್ಲ.

ಆಮೇಲಿನ ಒಂದು ವರ್ಷ ಮನೆಯಲ್ಲಿ ಹಬ್ಬವಿಲ್ಲ, ಹಾಡಿಲ್ಲ. ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ, ತಿಂಗಳು ತಿಂಗಳಿನ ಮಾಸಿಕ, ವರ್ಷಾಬ್ದಿಕ ಎಂದು ಎಲ್ಲಕ್ಕೂ ಲೆಕ್ಕವಿತ್ತು. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ಹೇಳುವವರು ಊರು ತುಂಬ ಇದ್ದರು. ವರ್ಷ ತುಂಬಿದ ಮೇಲೆ ಇನ್ನು ಶುರುಮಾಡು ಎಂದು ಹೇಳುವವರು ಮಾತ್ರ ಯಾರೂ ಬರಲಿಲ್ಲ, ನಾನೂ ಕೇಳಲಿಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯಾದ ಡಿಎಸ್‌ಎಂನ 2022ರ ಆವೃತ್ತಿಯಲ್ಲಿ ದೀರ್ಘಕಾಲದ ದುಃಖವನ್ನು ಒಂದು ಕಾಯಿಲೆಯೆಂದು ಮೊದಲ ಬಾರಿಗೆ ಸೇರಿಸಿದಾಗ ದೊಡ್ಡವರಿಗೆ 12 ತಿಂಗಳು, ಮಕ್ಕಳಿಗೆ 6 ತಿಂಗಳು ಎಂಬ ಗಡುವು ಹಾಕಿದ್ದಾರೆ. ನಮ್ಮ ಪುರೋಹಿತರ ವರ್ಷಕ್ಕೂ ಅವರ ವರ್ಷಕ್ಕೂ ಇಷ್ಟು ಸರಿಯಾಗಿ ತಾಳೆಯಾಗುವುದನ್ನು ಓದಿ ನಗು ಬಂದಿತ್ತು. ನನ್ನ ಪಿಟೀಲು ಅಟ್ಟದ ಮೇಲೆ ಇದ್ದದ್ದು ಹತ್ತೊಂಬತ್ತು ವರ್ಷ. ಕಾಯಿಲೆ ಎನ್ನುವಂಥದ್ದು ನನಗೇನೂ ಇರಲಿಲ್ಲ. ಓದಿದೆ, ಕೆಲಸ ಹಿಡಿದೆ, ಕಚೇರಿಗಳಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತು ಬೇರೆಯವರ ಪಿಟೀಲನ್ನು ಸಂತೋಷವಾಗಿಯೇ ಕೇಳಿದೆ. ಕೋಸೇ ಸ್ವರಲಿಪಿ ಬರೆದುಕೊಡುತ್ತಿದ್ದನಲ್ಲ, ಹಾಗೆ.

ನಾಲ್ಕನೆಯ ಕಂತು

ಕೋಸೇಯನ್ನು ಮತ್ತೆ ಪಿಯಾನೊದ ಮುಂದೆ ತಂದು ಕೂರಿಸುವವಳು ಮಿಯಾಜೊನೊ ಕಾವೊರಿ ಎಂಬ ಪಿಟೀಲುಗಾರ್ತಿ. ಇವಳು ಬೇಥೊವನ್ನನ ಕ್ರಾಯ್ಟ್ಸರ್ ಸೊನಾಟಾವನ್ನು ಸ್ಪರ್ಧೆಯಲ್ಲಿ ತೀರ್ಪುಗಾರರ ಮುಖ ಗಂಟಿಕ್ಕುವಂತೆ, ತನ್ನಿಚ್ಛೆಯ ಲಯದಲ್ಲಿ ನುಡಿಸಿ, ಕೇಳುಗರ ಮತದಿಂದ ಎರಡನೆಯ ಸುತ್ತಿಗೆ ಬರುತ್ತಾಳೆ. ಬಂದವಳೇ ಆ ಸುತ್ತಿಗೆ ಪಿಯಾನೊದ ಜೊತೆ ಕೊಡಬೇಕಾದವನು ನೀನೇ ಎಂದು ಕೋಸೇಯ ಬೆನ್ನು ಹತ್ತುತ್ತಾಳೆ. ಅವನು ನೋಡಿದಲ್ಲೆಲ್ಲ ಸ್ವರಲಿಪಿಯ ಹಾಳೆಗಳನ್ನು ಅಂಟಿಸುತ್ತಾಳೆ. ವೇದಿಕೆಯ ಮೇಲೆ, ಶುರುಮಾಡುವ ಮುಂಚೆ, ತಲೆ ತಗ್ಗಿಸಿ ಕೂತವನ ಹಣೆಗೆ ತನ್ನ ಹಣೆಯಿಂದ ಡಿಕ್ಕಿ ಹೊಡೆಯುತ್ತಾಳೆ. ಇಡೀ ಸರಣಿಯಲ್ಲಿ ಈ ಬಗೆಯ ಗುದ್ದಾಟದ ಹಾಸ್ಯ ಅಗತ್ಯಕ್ಕಿಂತ ಹೆಚ್ಚಿದೆ, ಎಷ್ಟೋ ಕಡೆ ಒಳ್ಳೆಯ ದೃಶ್ಯವನ್ನು ಕೆಡಿಸಿಯೂ ಇದೆ. ಇಲ್ಲಿ ಮಾತ್ರ ಆ ಡಿಕ್ಕಿ ಬೇಕಿತ್ತು ಅನ್ನಿಸುತ್ತದೆ. ಏಕೆಂದರೆ ಅವನಿಗೆ ಸಮಾಧಾನ ಹೇಳಲು ಯಾರಿಗೂ ಪುರಸೊತ್ತಿಲ್ಲ. ಅವನಿಗೆ ಒಂದು ಕೆಲಸ ಬಂದಿದೆ, ಅದನ್ನು ಅವನು ಮಾಡಬೇಕಿದೆ.

ಆ ದಿನದ ಕೃತಿ ಫ್ರೆಂಚ್ ಸಂಗೀತಕಾರ ಸ್ಯಾಂ-ಸಾನ್ಸ್ 1863ರಲ್ಲಿ ಸರಸಾಟೆ ಎಂಬ ದೊಡ್ಡ ಪಿಟೀಲುಗಾರನಿಗಾಗಿ ಬರೆದದ್ದು. ಮೂಲದಲ್ಲಿ ಪಿಟೀಲಿನ ಹಿಂದೆ ಆರ್ಕೆಸ್ಟ್ರಾ ಇದೆ; ಅದನ್ನು ಪಿಯಾನೊಗೆ ಇಳಿಸಿದವನು ಬಿಜೆ ಎಂಬ ಇನ್ನೊಬ್ಬ ಸಂಗೀತಕಾರ. ಅಂದರೆ ಕೋಸೇಯ ಎರಡು ಕೈಗಳು ಒಂದು ವಾದ್ಯವೃಂದದ ಬದಲಿಗೆ ಕೂತಿವೆ. ಸ್ವಲ್ಪ ಹೊತ್ತು ಚೆನ್ನಾಗಿಯೇ ಸಾಗುತ್ತದೆ. ಆಮೇಲೆ ಸಭಾಂಗಣದ ಕತ್ತಲಲ್ಲಿ ಅವನಿಗೆ ಅಮ್ಮ ಕೂತಿರುವುದು ಕಾಣುತ್ತದೆ, ನಾದ ಕರಗುತ್ತದೆ, ಬೆರಳು ತಡವರಿಸುತ್ತವೆ. ತನ್ನಿಂದ ಅವಳ ಸಂಗೀತ ಕೆಡುತ್ತಿದೆ ಎಂಬುದು ತಿಳಿದು ಅವನು ಕೈ ಎತ್ತಿಬಿಡುತ್ತಾನೆ. ಪಿಟೀಲು ಇನ್ನೂ ನಾಲ್ಕು ಹೆಜ್ಜೆ ಒಂಟಿಯಾಗಿ ಹೋಗಿ ತಾನೂ ನಿಲ್ಲುತ್ತದೆ. ಸ್ಪರ್ಧೆಯ ನಿಯಮದಲ್ಲಿ ನಿಲ್ಲಿಸಿದವರಿಗೆ ಮುಂದಿನ ಸುತ್ತಿಲ್ಲ. ಅಲ್ಲಿಗೆ ಅವಳ ಸ್ಪರ್ಧೆ ಮುಗಿಯಿತು. ಅವಳು ತಿರುಗಿ ‘ಮತ್ತೊಮ್ಮೆ’ ಎನ್ನುತ್ತಾಳೆ.

ಮತ್ತೊಮ್ಮೆ ಶುರುವಾದಾಗಲೂ ಅವನಿಗೆ ಕೇಳಿಸುವುದಿಲ್ಲ. ಇದನ್ನು ಮೊದಲ ಸಲ ನೋಡುವಾಗ ನಾನು ಗಮನಿಸಿಯೇ ಇರಲಿಲ್ಲ. ಇಡೀ ಸ್ವರಲಿಪಿ ಅವನಿಗೆ ಕಂಠಪಾಠವಿದೆ, ಆ ನಾದ ಹೇಗಿರಬೇಕೆಂಬುದು ಮನಸ್ಸಿನಲ್ಲಿದೆ, ಬೆರಳಿಗೆ ದಾರಿ ಗೊತ್ತಿದೆ. ಕಿವಿಗೆ ಬೀಳುತ್ತಿರುವುದು ಅವಳ ಪಿಟೀಲೊಂದೇ. ಅದನ್ನು ಹಿಡಿದುಕೊಂಡು ಅವನು ನುಡಿಸುತ್ತಾನೆ. ಮೊದಲು ಅವಳ ಜೊತೆ ಜಗಳಕ್ಕೆ ಬಿದ್ದವನಂತೆ ಅಬ್ಬರಿಸಿ, ನಂತರ ನಿಧಾನವಾಗಿ ಅವಳ ಹೆಜ್ಜೆಗೆ ಹೆಜ್ಜೆ ಇಡುತ್ತ. ಹೀಗೆ ಇನ್ನೊಬ್ಬರ ನಾದಕ್ಕೆ ತನ್ನನ್ನು ಒಪ್ಪಿಸಿ ನಡೆಯುವುದಕ್ಕೆ ನಮ್ಮಲ್ಲಿ ಒಂದು ಹೆಸರಿದೆ, ಪಕ್ಕವಾದ್ಯ. ಗಾಯಕರು ಆಲಾಪನೆಯಲ್ಲಿ ಒಂದು ಸಂಚಾರ ಮಾಡಿ ಬಿಟ್ಟಾಗ ಅದನ್ನು ನೆರಳಿನಂತೆ ಹಿಂಬಾಲಿಸಿ, ಅದರ ಕೊನೆಯ ಸ್ವರದ ಮೇಲೆ ಕೈಯಿಟ್ಟು ಕಾಯುವುದನ್ನು ಕಲಿಸಲು ನಮ್ಮ ಮೇಷ್ಟ್ರು ಪಟ್ಟ ಪಾಡು ಅಷ್ಟಿಷ್ಟಲ್ಲ. “ನಿನ್ನ ಪಿಟೀಲು ಕೇಳಿಸಿಕೋಬೇಡ, ಅವರದ್ದು ಕೇಳಿಸಿಕೋ. ನಿನ್ನದು ತಾನಾಗಿ ಸರಿಹೋಗುತ್ತೆ” ಎನ್ನುತ್ತಿದ್ದರು. ಕನ್ನಡದ ಕಿವಿಗೆ ಇಲ್ಲೊಂದು ತಮಾಷೆಯೂ ಇದೆ: ನಮ್ಮ ಕಚೇರಿಯಲ್ಲಿ ಪಕ್ಕದಲ್ಲಿ ಕೂರುವ ಪಿಟೀಲು ಅಲ್ಲಿ ನಡುವೆ ನಿಂತಿದೆ, ರಾಜಗಾಂಭೀರ್ಯದ ಪಿಯಾನೊ ಪಕ್ಕಕ್ಕೆ ಸರಿದಿದೆ. ಗಾಯಕರ ಪಕ್ಕದಲ್ಲಿ ಕೂತ ತನ್ನ ವಾದ್ಯ ಸಭೆಯ ಹಿಂದಿನ ಸಾಲಿಗೆ ಕೇಳುತ್ತಿಲ್ಲವೆಂದು ಮೈಸೂರಿನ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರಂತೆ. ಕೋಸೇಯದು ಅದಕ್ಕೆ ತದ್ವಿರುದ್ಧವಾದ ಸಂಕಟ. ಹಿಂದಿನ ಸಾಲಿಗೆ ಕೇಳುತ್ತಿರುವುದು ನುಡಿಸುವವನಿಗೇ ಕೇಳುತ್ತಿಲ್ಲ.

ಈ ದೃಶ್ಯದಲ್ಲಿ ನಾವು ಕೇಳುವ ಪಿಟೀಲನ್ನು ನುಡಿಸಿದವರು ಯುನಾ ಶಿನೊಹಾರಾ, ಕೋಸೇಯ ಪಿಯಾನೊವನ್ನು ನುಡಿಸಿದವರು ತೊಮೊಕಿ ಸಕಾತಾ ಎಂಬ ಯುವ ಕಲಾವಿದರು. ಕಮಾನು ಯಾವ ತಂತಿಯ ಮೇಲೆ ಇದೆ, ಬೆರಳು ಎಲ್ಲಿ ಇದೆ ಎಂಬುದು ಬಹುಮಟ್ಟಿಗೆ ಕೇಳುವ ನಾದಕ್ಕೆ ಹೊಂದುತ್ತದೆ. ಸಿನಿಮಾಗಳಲ್ಲಿ ನಾಯಕ ಪಿಟೀಲು ಹಿಡಿದು ಗರಗಸದಂತೆ ಎಳೆಯುವುದನ್ನು ನೋಡಿ ನೋಡಿ ನೊಂದಿರುವ ನಮ್ಮಂಥವರಿಗೆ ಇದೊಂದು ಸಣ್ಣ ಹಬ್ಬ.

ಅಮ್ಮನ ಕೈ

ಕೋಸೇಯ ದುಃಖದ ಗಂಟು ಇರುವುದು ತಾಯಿ ಸತ್ತದ್ದರಲ್ಲಿ ಮಾತ್ರವಲ್ಲ, ಅವಳು ಸಾಯುವ ಮುಂಚೆ ಅವನಾಡಿದ ಒಂದು ಮಾತಿನಲ್ಲಿ. ಅಮ್ಮನಿಗೆ ಖುಷಿಯಾಗಲೆಂದು ಒಂದು ದಿನ ಅವನು ಸ್ಪರ್ಧೆಯಲ್ಲಿ ಮೃದುವಾಗಿ, ಮನಸ್ಸು ತುಂಬಿ ನುಡಿಸುತ್ತಾನೆ. ಬರೆದಂತೆ ನುಡಿಸಲಿಲ್ಲವೆಂದು ಅವಳು ಎಲ್ಲರೆದುರು ಕೋಲಿನಿಂದ ಹೊಡೆಯುತ್ತಾಳೆ, ರಕ್ತ ಬರುತ್ತದೆ. ನೀನು ಸತ್ತುಹೋಗು ಎಂಬರ್ಥದ ಮಾತು ಆ ಮಗುವಿನ ಬಾಯಿಂದ ಬರುತ್ತದೆ. ಅವಳು ಸತ್ತೇಹೋಗುತ್ತಾಳೆ. ಕಿವಿ ಮುಚ್ಚಿಕೊಳ್ಳಲು ಇನ್ನೇನು ಬೇಕು? ಅವನ ತಂದೆ ಕೆಲಸದ ಮೇಲೆ ಸದಾ ಊರಿನಿಂದಾಚೆ; ಆ ಮನೆಯಲ್ಲಿ ಮಗುವಿಗೆ “ಅದು ನಿನ್ನ ಮಾತಿನಿಂದ ಆದದ್ದಲ್ಲ” ಎಂದು ಹೇಳಬಹುದಾದ ಒಬ್ಬ ದೊಡ್ಡ ಮನುಷ್ಯ ಇಲ್ಲ. ಬೆರಳು ಪರಚಿತೆಂದು ಅವನ ಬೆಕ್ಕನ್ನೂ ತಾಯಿ ದೂರಕ್ಕೆ ಬಿಟ್ಟುಬಂದಿದ್ದಳು. ತಾಯಿಯ ನೆರಳಿನ ಜೊತೆ ಒಂದು ಕಪ್ಪು ಬೆಕ್ಕೂ ಅವನ ಕನಸುಗಳಲ್ಲಿ ಬಂದು ಮಾತಾಡುವುದು ಅದಕ್ಕೇ.

ಹದಿಮೂರನೆಯ ಕಂತಿನಲ್ಲಿ ಈ ಗಂಟು ಬಿಚ್ಚುತ್ತದೆ. ಕಾವೊರಿ ಬಾರದೆ ಹೋದ ಸಂಗೀತ ಸಂಜೆಯಲ್ಲಿ ಅವನು ಒಬ್ಬನೇ ಕೂತು ಕ್ರೈಸ್ಲರ್ ಎಂಬ ಪಿಟೀಲುಗಾರನ ‘ಲೀಬೆಸ್‌ಲೈಡ್’ ನುಡಿಸುತ್ತಾನೆ, ರಾಹ್ಮನಿನೊಫ್ ಪಿಯಾನೊಗೆ ಹೊಂದಿಸಿದ ರೂಪದಲ್ಲಿ. ‘ಪ್ರೇಮದ ದುಃಖ’ ಎಂದು ಆ ಹೆಸರಿನ ಅರ್ಥ. ಅದು ಅವನ ಎಳವೆಯ ಜೋಗುಳ. ಕೋಲು ಹಿಡಿಯುವುದಕ್ಕೂ ಮುಂಚೆ, ಅಮ್ಮ ಬರಿಯ ಅಮ್ಮನಾಗಿದ್ದ ಕಾಲದಲ್ಲಿ ಅವಳು ಅವನಿಗಾಗಿ ನುಡಿಸುತ್ತಿದ್ದದ್ದು. ಕೃತಿಯ ಹಿಂದೆ ಒಂದು ಸುಳ್ಳಿನ ಕಥೆಯೂ ಇದೆ. ಕ್ರೈಸ್ಲರ್ ಇದನ್ನು 1905ರಲ್ಲಿ ಪ್ರಕಟಿಸಿದಾಗ ತನ್ನದೆಂದು ಹೇಳದೆ ಹಳೆಯ ಕಾಲದ ಯೋಸೆಫ್ ಲಾನರನದೆಂದು ಹಾಕಿಸಿದ್ದ. ಹೀಗೆ ಬೇರೆಬೇರೆ ಹಿರಿಯರ ಹೆಸರಿನಲ್ಲಿ ನುಡಿಸುತ್ತಿದ್ದ ಹಲವು ಕೃತಿಗಳು ತನ್ನವೇ ಎಂದು 1935ರಲ್ಲಿ ಒಪ್ಪಿಕೊಂಡ. ಸುಳ್ಳನ್ನು ಹೆಸರಿನಲ್ಲೇ ಇಟ್ಟುಕೊಂಡ ಸರಣಿಗೆ ಇದಕ್ಕಿಂತ ಒಪ್ಪುವ ಕೃತಿ ಸಿಗುವುದು ಕಷ್ಟ. ವೇದಿಕೆಯ ಮೇಲೆ ಮೊದಲು ಸಿಟ್ಟಿನಿಂದ ಬಡಿಯುವ ಕೋಸೇ, ನಾದ ಮಾಯವಾದ ಮೇಲೆ ನಿಲ್ಲುವುದಿಲ್ಲ. ತನ್ನೊಳಗೆ ಉಳಿದಿರುವ ಆ ಜೋಗುಳದ ನಾದವನ್ನು ಹುಡುಕಿಕೊಂಡು ಮೆತ್ತಗೆ ಮುಂದೆ ಹೋಗುತ್ತಾನೆ. ಗಾಲಿಕುರ್ಚಿಯ ನೆರಳು ಭಯಂಕರವಾಗಿತ್ತಲ್ಲ, ಅದನ್ನು ಮಾಡಿದವನು ತಾನೇ ಎಂದು ಅವನಿಗೆ ಹೊಳೆಯುತ್ತದೆ.

ಇಲ್ಲಿ ಸರಣಿಯ ಜೊತೆ ನನ್ನದೊಂದು ತಕರಾರಿದೆ. ತಾನು ಹೆಚ್ಚು ದಿನ ಬದುಕುವುದಿಲ್ಲ, ಮಗ ತನ್ನ ಕಾಲ ಮೇಲೆ ನಿಲ್ಲುವಂತಾಗಬೇಕು ಎಂಬ ಆತಂಕದಿಂದ ಅವಳು ಹಾಗಾದಳು ಎಂದು ತೋರಿಸುವುದೇನೋ ಸರಿ. ಆದರೆ ಆ ಆತಂಕವನ್ನು ಎಷ್ಟು ಚೆಂದದ ಬೆಳಕಿನಲ್ಲಿ, ಎಷ್ಟು ಮಧುರವಾದ ಸಂಗೀತದ ಜೊತೆ ತೋರಿಸುತ್ತಾರೆಂದರೆ, ಹೊಡೆತಗಳೆಲ್ಲ ಪ್ರೀತಿಯ ಲೆಕ್ಕಕ್ಕೆ ಜಮೆಯಾಗಿಬಿಡುತ್ತವೆ. “ಹೊಡೆದದ್ದು ನಿನ್ನ ಒಳ್ಳೆಯದಕ್ಕೇ” ಎಂಬ ಮಾತನ್ನು ಕೇಳಿಯೇ ದೊಡ್ಡವರಾದ ನಮಗೆ ಆ ಲೆಕ್ಕದ ಪುಸ್ತಕ ಚೆನ್ನಾಗಿ ಗೊತ್ತು. ನಾಲ್ಕನೆಯ ಕಂತಿನಲ್ಲಿ ಕೇಳಿಸದ ಹೊತ್ತಿನಲ್ಲೂ ಅವನ ಬೆರಳನ್ನು ನಡೆಸಿದ್ದು ಆ ಕೋಲಿನ ಅಭ್ಯಾಸವೇ ಎಂಬುದೂ ನಿಜ, ಅವನ ಕಿವಿಯನ್ನು ಮುಚ್ಚಿಸಿದ್ದೂ ಅದೇ ಕೋಲು ಎಂಬುದೂ ನಿಜ. ಎರಡನ್ನೂ ಹಾಗೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಆದರೂ ಆ ಕಂತಿನ ಒಂದು ಸಂಗತಿ ನನಗೆ ತುಂಬ ಹಿಡಿಸಿತು. ಅವನು ತಾಯಿಗೆ ವಿದಾಯ ಹೇಳುತ್ತಾನೆ, ಆದರೆ ಅವಳು ಕೊಟ್ಟ ಜೋಗುಳವನ್ನು ನುಡಿಸುತ್ತಲೇ ಹೇಳುತ್ತಾನೆ. ಸತ್ತವರೊಂದಿಗಿನ ನಂಟನ್ನು ಕಡಿದುಕೊಂಡರೆ ಮಾತ್ರ ದುಃಖ ಮುಗಿಯುತ್ತದೆ ಎಂಬ ಹಳೆಯ ನಂಬಿಕೆಯನ್ನು 1996ರಲ್ಲಿ ಡೆನ್ನಿಸ್ ಕ್ಲಾಸ್ ಮತ್ತು ಸಂಗಡಿಗ ವಿದ್ವಾಂಸರು ಪ್ರಶ್ನಿಸಿ, ನಂಟು ರೂಪ ಬದಲಿಸಿಕೊಂಡು ಮುಂದುವರಿಯುತ್ತದೆ ಎಂದರು. ವರ್ಷಕ್ಕೊಮ್ಮೆ ತಿಥಿಯ ದಿನ ಎಲೆ ಹಾಕಿ, ಸತ್ತವರಿಗೆ ಇಷ್ಟವಾಗಿದ್ದ ಪಲ್ಯವನ್ನೇ ಹುಡುಕಿ ಮಾಡಿಸುವ ನಮ್ಮಮ್ಮನಿಗೆ ಇದನ್ನು ಹೇಳಿದ್ದರೆ, ಇದಕ್ಕೂ ಪುಸ್ತಕ ಬರೆಯಬೇಕಿತ್ತೇ ಎನ್ನುತ್ತಿದ್ದಳೇನೋ.

ಏಪ್ರಿಲ್ಲಿನ ಸುಳ್ಳು

ಸ್ಪರ್ಧೆಗಳ ವಿಷಯ ಹೆಚ್ಚು ಬರೆಯಬೇಕಿಲ್ಲ. ಎರಡು ವರ್ಷದ ನಂತರ ಕೋಸೇ ಮತ್ತೆ ಒಂಟಿಯಾಗಿ ಸ್ಪರ್ಧೆಗೆ ಕೂತು ಆರಿಸಿಕೊಂಡದ್ದು ಶೋಪನ್ನನ ಇ ಮೈನರ್ ಎಟ್ಯೂಡ್ ಎಂಬ ಅಭ್ಯಾಸಕೃತಿ. ಪಕ್ಕಪಕ್ಕದ ಸ್ವರಗಳು ಬೇಕೆಂದೇ ತಿಕ್ಕಾಡುವುದರಿಂದ ‘ತಪ್ಪು ಸ್ವರ’ ಎಂಬ ಅಡ್ಡಹೆಸರು ಅದಕ್ಕಿದೆ. ಅಲ್ಲೂ ಅವನು ನಡುವೆ ನಿಲ್ಲಿಸುತ್ತಾನೆ, ಮತ್ತೆ ಶುರುಮಾಡುತ್ತಾನೆ, ಸೋಲುತ್ತಾನೆ. ಚೇತರಿಕೆಯ ಕಥೆಗಳಲ್ಲಿ ಕೊನೆಗೊಂದು ಬಹುಮಾನ ಕೈಗೆ ಬರುವುದು ವಾಡಿಕೆ. ಇಲ್ಲಿ ಹಾಗಿಲ್ಲದಿರುವುದು ನನಗೆ ಹಿತವೆನಿಸಿತು.

ಕಾವೊರಿಗೂ ಕಾಯಿಲೆ. ಅವಳು ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವಾಗ ಅವನು ಇನ್ನೊಂದು ವೇದಿಕೆಯ ಮೇಲೆ ಶೋಪನ್ನನ ಜಿ ಮೈನರ್ ಬಲಾಡ್ ನುಡಿಸುತ್ತಿರುತ್ತಾನೆ. ಒಬ್ಬ ಹುಡುಗಿಯ ಸಾವನ್ನು ಒಬ್ಬ ಹುಡುಗನ ಬೆಳವಣಿಗೆಗೆ ಮೆಟ್ಟಿಲು ಮಾಡಿದ್ದಾರೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಅವಳ ಭಯಕ್ಕೆ, ಅವಳ ತಂದೆತಾಯಿಯ ಬೇಕರಿಯೊಳಗಿನ ಮೌನಕ್ಕೆ ಇನ್ನಷ್ಟು ಜಾಗ ಕೊಡಬಹುದಿತ್ತು. ಆದರೆ ಬಲಾಡ್ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ವಿಚಿತ್ರ ನಡೆಯುತ್ತದೆ. ಒಂಟಿ ಪಿಯಾನೊಗೆಂದೇ ಬರೆದ ಆ ಕೃತಿಯೊಳಗೆ ಪಿಟೀಲು ಕೇಳತೊಡಗುತ್ತದೆ. ಅವನ ಎದುರಿಗೆ ಅವಳು ನಿಂತು ನುಡಿಸುತ್ತಿದ್ದಾಳೆ. ಅವನು ಮತ್ತೆ ಪಕ್ಕವಾದ್ಯದವನಾಗಿದ್ದಾನೆ. ಆಮೇಲೆ ಬರುವ ಅವಳ ಕಾಗದದಲ್ಲಿ ಸುಳ್ಳು ಯಾವುದೆಂದು ತಿಳಿಯುತ್ತದೆ. ಅವನ ಗೆಳೆಯ ವತಾರಿಯನ್ನು ತಾನು ಇಷ್ಟಪಡುತ್ತೇನೆಂದು ಅವಳು ಹೇಳಿದ್ದೇ ಆ ಸುಳ್ಳು. ಐದು ವರ್ಷದವಳಿದ್ದಾಗ ಕೋಸೇ ನುಡಿಸುವುದನ್ನು ಕೇಳಿ, ಮುಂದೊಂದು ದಿನ ಅವನು ತನಗೆ ಪಿಯಾನೊ ಜೊತೆ ಕೊಡಲಿ ಎಂಬ ಆಸೆಯಿಂದ ತಾನು ಕಲಿಯುತ್ತಿದ್ದ ಪಿಯಾನೊವನ್ನೇ ಬಿಟ್ಟು ಪಿಟೀಲು ಹಿಡಿದವಳು ಅವಳು. ಪಕ್ಕದಲ್ಲಿ ಅವನು ಕೂರಲಿ ಎಂದು ತಾನು ಬೇರೆ ವಾದ್ಯಕ್ಕೆ ಹೋದಳು.

ಕೊನೆಯ ಕಂತುಗಳಲ್ಲಿ ಕೋಸೇ ಮನಸ್ಸಿನೊಳಗೆ ಮತ್ತೆಮತ್ತೆ ಕೇಳಿಕೊಳ್ಳುವುದು ತನ್ನ ನಾದ ಅವಳಿಗೆ ತಲುಪೀತೇ ಎಂದು. ತನಗೆ ಕೇಳಿಸುತ್ತಿದೆಯೇ ಎಂದು ಅವನು ಕೇಳಿಕೊಳ್ಳುವುದು ಯಾವುದೋ ಒಂದು ಕಂತಿನಲ್ಲಿ ನಿಂತುಹೋಗಿದೆ, ಯಾವುದರಲ್ಲೆಂದು ಎರಡು ಸಲ ನೋಡಿದರೂ ನನಗೆ ಹಿಡಿಯಲಾಗಲಿಲ್ಲ. ಅಕ್ಕನ ಮಗಳಿಗೆ ಇದನ್ನು ಹೇಳಿದೆ. “ಅಂದ್ರೆ ಕೇಳಿಸಿತೋ ಇಲ್ಲವೋ?” ಎಂದು ಅವಳು ಅದನ್ನೇ ಕೇಳಿದಳು.

ಅವಳೀಗ ಹಾಡುಗಾರಿಕೆಯಲ್ಲಿ ಸೀನಿಯರ್ ಪರೀಕ್ಷೆಗೆ ತಯಾರಾಗುತ್ತಿದ್ದಾಳೆ. ಹೋದ ವರ್ಷ ಒಂದು ಭಾನುವಾರ ಅಟ್ಟ ಗುಡಿಸುವಾಗ ಪಿಟೀಲಿನ ಪೆಟ್ಟಿಗೆ ಇಳಿಸಿದವಳು ಅವಳೇ. ತಂತಿಗಳಿಗೆ ತುಕ್ಕು, ಬಿರಡೆಗಳು ಬಿಗಿದುಕೊಂಡು ತಿರುಗದ ಸ್ಥಿತಿ, ಕುದುರೆ ಒರಗಿಬಿದ್ದಿತ್ತು, ಕಮಾನಿನ ಕೂದಲನ್ನು ಅರ್ಧಕ್ಕರ್ಧ ಹುಳು ತಿಂದಿತ್ತು. ರಿಪೇರಿ ಮಾಡಿಸಿ ತಂದದ್ದು ಅವಳ ಕಾಟಕ್ಕೆ. ಈಗ ಶನಿವಾರ, ಭಾನುವಾರ ಅವಳು ಹಾಡುತ್ತಾಳೆ, ನಾನು ಹಿಂದೆ ಹಿಂದೆ ಹೋಗುತ್ತೇನೆ. ಬೆರಳು ಎಲ್ಲೆಲ್ಲೋ ಬೀಳುತ್ತವೆ, ಕಾಕಲಿ ನಿಷಾದ ಕೈಶಿಕಿಯಾಗುತ್ತದೆ. ನನ್ನದು ಕೆಟ್ಟದಾಗಿದೆ ಎಂಬುದು ನನಗೆ ಚೆನ್ನಾಗಿಯೇ ಕೇಳಿಸುತ್ತದೆ. ಅವಳು ಹಾಡು ನಿಲ್ಲಿಸುವುದಿಲ್ಲ. ನಾನು ಬಂದು ಸೇರುವವರೆಗೆ ಅದೇ ಸಾಲನ್ನು ತಿರುಗಿಸಿ ತಿರುಗಿಸಿ ಹಾಡುತ್ತಾಳೆ. ಹಾಡುವಾಗ ತೊಡೆಯ ಮೇಲೆ ಆದಿತಾಳ ಹಾಕುತ್ತಾಳೆ, ಲಘು ಮುಗಿದು ದ್ರುತಕ್ಕೆ ಬರುವಾಗ ಅವಳ ಕೈಯೂ ಚೂರು ಅವಸರ ಮಾಡುತ್ತದೆ. ಅವಳು ಹುಟ್ಟುವ ಹೊತ್ತಿಗೆ ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಯಾರಿಂದ ಬಂತೋ ಗೊತ್ತಿಲ್ಲ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ, ತಿದ್ದಬೇಕು. ತಿದ್ದೋಣ ಎಂದುಕೊಂಡೇ ಆರು ವಾರವಾಯಿತು. ಕಮಾನಿನ ಕೂದಲು ಮತ್ತೆ ಉದುರುತ್ತಿದೆ. ಹೊಸದು ಹಾಕಲು ಕೊಟ್ಟಿದ್ದೇನೆ, ಶುಕ್ರವಾರ ಸಂಜೆ ಬಂದು ತೆಗೆದುಕೊಂಡು ಹೋಗಿ ಎಂದಿದ್ದಾರೆ.